ಕೊಂಬಿನ ಹಲಗೆಯ ಮೇಲಿನ ಬೆರಳು

ಮೇಣ ಇಷ್ಟು ಕಾಯಬಾರದಿತ್ತು, ಡಬ್ಬಿಯ ಬಾಯಲ್ಲಿ ಸಣ್ಣಗೆ ಹೊಗೆ ಎದ್ದಿದೆ, ಜನೆಲ್ ಒಲೆಯ ತಿರುಗಣಿಯನ್ನು ಒಂದು ಗೆರೆ ಇಳಿಸಿದಳು, ಇಳಿಸುತ್ತಲೇ ಮೇಜಿನ ಕಡೆ ಇನ್ನೊಮ್ಮೆ ನೋಡಿದಳು — ಇಲ್ಲ, ಕಣ್ಣು ತಪ್ಪಿರಬೇಕು, ಮಗಳು ಹ್ಯಾಡಿಯ ಬಾಯಿ ಪ್ರಾರ್ಥನೆಯಲ್ಲಿ ಅನುದಿನದ ರೊಟ್ಟಿಯನ್ನು ಕೇಳುವಲ್ಲಿಗೆ ಬಂದಿತ್ತು, ಬೆರಳು ಮಾತ್ರ ಇನ್ನೂ ಮೇಲೆ ಅಕ್ಷರಮಾಲೆಯ ಸಾಲಿನಲ್ಲೇ ಇತ್ತು, ಬಾಯಿ ಮುಂದೆ ಬೆರಳು ಹಿಂದೆ, ಇರಲಿ, ಒಂಬತ್ತು ವರ್ಷದ ಹುಡುಗಿ, ಎದುರಿಗೆ ಗುರುತಿಲ್ಲದ ಹೆಂಗಸು ಕೂತಿದ್ದಾಳೆ, ಬೆರಳು ಹೆದರಿ ಎಲ್ಲೋ ನಿಂತಿರುತ್ತದೆ, ಅಷ್ಟೆ. ಕೊಂಬಿನ ಹಲಗೆ ಮಾತ್ರ ಚೆನ್ನಾಗಿ ಬಂದಿದೆ, ಯಾರು ಏನೇ ಹೇಳಲಿ, ಇನ್ನೂರೈವತ್ತು ಮುನ್ನೂರು ವರ್ಷದ ಹಿಂದೆ ಇದೇ ಪೆನ್ಸಿಲ್ವೇನಿಯಾದ ಮಕ್ಕಳ ಕೈಯಲ್ಲಿ ಇರುತ್ತಿದ್ದಂಥದೇ, ಹಿಡಿಕೆಯಿರುವ ಪುಟ್ಟ ಹಲಗೆ, ಅದರ ಮೇಲೆ ಅಕ್ಷರಮಾಲೆ, ಕಾಗುಣಿತ, ಪ್ರಾರ್ಥನೆ ಬರೆದ ಒಂದೇ ಹಾಳೆ, ಹಾಳೆ ಮಾಸಬಾರದೆಂದು ಆಗ ದನದ ಕೊಂಬನ್ನು ತೆಳ್ಳಗೆ ಹೆರೆದು ಹೊದಿಸುತ್ತಿದ್ದರಂತೆ, ಕೊಂಬಿಗೆ ಎಲ್ಲಿ ಹೋಗೋಣ, ಕಡತದ ಪ್ಲಾಸ್ಟಿಕ್ ಕತ್ತರಿಸಿ ಹಿತ್ತಾಳೆಯ ಮೊಳೆ ಹೊಡೆದರಾಯಿತು ಎಂದವಳು ಹ್ಯಾಡಿಯೇ, ಚೆರ್ರಿ ಮರದ ತುಂಡನ್ನು ಕೊಯ್ದುಕೊಟ್ಟವನು ಅವಳಪ್ಪ ವೆಂಡೆಲ್. ಹ್ಯಾಡಿಯ ಓದು ನೋಡಲು ಬಂದ ಟೀಚರು ಮಿಸೆಸ್ ಗ್ರೇಬಿಲ್ ಒಲೆಗೆ ಬೆನ್ನು ಹಾಕಿ ಕೂತಿದ್ದಾಳೆ, ಆ ಬಿಳಿತಲೆ, ಆ ಬೆನ್ನು ಏನನ್ನೂ ಹೇಳುವುದಿಲ್ಲ. ಪ್ರಾರ್ಥನೆ ಮುಗಿಯಿತು, ಒಂದು ಪದವೂ ತಪ್ಪಿಲ್ಲ. ಚೆನ್ನಾಗಿ ಹೇಳಿದೆ, ಎಂದಳು ಮಿಸೆಸ್ ಗ್ರೇಬಿಲ್. ಓದಿದೆ ಎನ್ನಲಿಲ್ಲ, ಹೇಳಿದೆ ಎಂದಳು, ಯಾಕೆ ಹಾಗೆ ಎಂದಳು.

ಅದ್ದು, ಎತ್ತು, ಆರಲು ಬಿಡು, ಮತ್ತೆ ಅದ್ದು. ಇಪ್ಪತ್ತೆರಡು ಸಲ ಹ್ಯಾಡಿಯೇ ಅದ್ದಿದ್ದಳು, ಕೋಲಿಗೆ ಎರಡು ಬತ್ತಿ ಕಟ್ಟಿಕೊಂಡು, ಅದ್ದಿ ಎತ್ತಿ ಮೇಜಿಗೆ ಒಂದು ಸುತ್ತು ಬಂದು ಮತ್ತೆ ಒಲೆಗೆ, ಸುತ್ತು ಬರುವಷ್ಟರಲ್ಲಿ ಮೇಣ ಆರಿರುತ್ತದೆ, ಮೇಣದಬತ್ತಿಗಳು ಬೆರಳಿನಷ್ಟು ದಪ್ಪಗಾಗಿದ್ದವು, ಆಗ ಬಾಗಿಲು ತಟ್ಟಿದ ಸದ್ದು, ಹತ್ತು ಗಂಟೆಗೆ ಎಂದವಳು ಹತ್ತಕ್ಕೇ ಬಂದುಬಿಟ್ಟಳು, ಉಗುರಿನಲ್ಲಿ ಮೇಣ ಮೆತ್ತಿಕೊಂಡೇ ಹುಡುಗಿ ಹೋಗಿ ಕೂತಳು, ಕೋಲು ಜನೆಲ್ಳ ಕೈಗೆ ಬಂತು. ಹೋಗುವಾಗ ಹೇಳಿಹೋದಳು, ಅಮ್ಮ, ತುಂಬ ಹೊತ್ತು ಒಳಗೇ ಬಿಡಬೇಡ, ಹೊಸದು ಹತ್ತಲ್ಲ, ಹಳೇದೂ ಕರಗತ್ತೆ. ಗೊತ್ತಮ್ಮ, ನಿಂಗೆ ಹೇಳಿಕೊಟ್ಟವಳು ನಾನೇ. ನೀನು ಓದಿದ್ದೀಯ, ನಾನು ಮಾಡಿದ್ದೀನಿ, ಎಂದಳು ಹ್ಯಾಡಿ. ಆ ಬಾಯಿ, ಆ ಬಾಯಿ ನೋಡಿಯೇ ಅಲ್ಲವೇ ಜನೆಲ್ ನಾಲ್ಕು ವರ್ಷ ಯಾರ ಮಾತಿಗೂ ಜಗ್ಗದೆ ಮನೆಯಲ್ಲೇ ಶಾಲೆ ನಡೆಸಿದ್ದು. ಅತ್ತೆ ಅರ್ಲೀನ್ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಒಂದನೇ ತರಗತಿಗೆ ಪಾಠ ಹೇಳಿದವಳು, ಭಾನುವಾರದ ಊಟಕ್ಕೆ ಕೂತರೆ ಕೋಳಿಗಿಂತ ಮೊದಲು ಸೊಸೆಯನ್ನೇ ಹರಿಯುತ್ತಾಳೆ — ಈ ವರ್ಷ ಮೇಣದಬತ್ತಿ, ಬೆಣ್ಣೆ ಕಡೆಯೋದು ಆಯ್ತು, ಬರೋ ವರ್ಷ ಏನು, ಕುದುರೆಗೆ ಲಾಳ ಹೊಡೆಯೋದಾ, ಹುಡುಗಿನ ಮುಂದಕ್ಕೆ ಕಳಿಸ್ತಿದ್ದೀಯೋ ಹಿಂದಕ್ಕೋ. ವೆಂಡೆಲ್ ನಕ್ಕ. ನಗಬಾರದಿತ್ತು. ನಕ್ಕು, ಆಮೇಲೆ ಗಾಡಿಯಲ್ಲಿ ಮೆಲ್ಲಗೆ ಅಂದ, ಜನೆಲ್, ಈ ಸಲದ ಪತ್ರ ನೋಡೋಣ, ಓದು ಬರಹ ಸಾಲದು ಅಂತ ಅವರೇ ಬರೆದ್ರೆ ಆಗಸ್ಟಿಗೆ ಶಾಲೆಯ ಹಳದಿ ಬಸ್ಸು, ಮತ್ತೆ ಅದರ ಮೇಲೆ ಮಾತಿಲ್ಲ, ಒಪ್ಪಾ. ಒಪ್ಪಿದಳು, ಒಪ್ಪದೆ ಏನು, ಅವಳಿಗೆ ಭಯವೇ ಇರಲಿಲ್ಲ. ಪ್ರತಿ ಜೂನಿನಲ್ಲೂ ಯಾರಾದರೊಬ್ಬ ಟೀಚರು ಬಂದು ಮಗುವಿನ ಪುಸ್ತಕ ನೋಡಿ, ಮಗುವಿನೊಡನೆ ಮಾತಾಡಿ ಪತ್ರ ಬರೆದುಕೊಡಬೇಕು, ಅದು ಕಾನೂನು, ಮೂರು ವರ್ಷವೂ ಚರ್ಚಿನ ಡೋರ್ಕಸ್ ಬಂದಳು, ಎರಡು ತುಂಡು ಕಡುಬು ತಿಂದಳು, ಹ್ಯಾಡಿಯ ಕಥೆ ಕೇಳಿ ಕಣ್ಣೊರೆಸಿಕೊಂಡಳು, ರುಜು ಹಾಕಿದಳು. ಮಾರ್ಚಿನಲ್ಲಿ ಆಕೆ ಓಹಾಯೋಗೆ ಹೋಗದಿದ್ದರೆ ಈ ಬೆನ್ನು ಇಲ್ಲಿ ಕೂತಿರುತ್ತಲೇ ಇರಲಿಲ್ಲ. ಈಕೆ ಕಡುಬನ್ನು ಮುಟ್ಟಲಿಲ್ಲ, ಬೆಳಿಗ್ಗೆ ಐದಕ್ಕೆದ್ದು ಮಾಡಿದ್ದು, ಕಾಕಂಬಿ ಕಡುಬು, ಆಮೇಲೆ ತಿಂತೀನಿ ಎಂದಳು, ಕೆಲಸ ಮುಗೀಲಿ. ಅದ್ದು, ಎತ್ತು.

ಈಗ ಮಿಸೆಸ್ ಗ್ರೇಬಿಲ್ ಹ್ಯಾಡಿಯ ವರ್ಷದ ಕೆಲಸವೆಲ್ಲ ಇರುವ ದಪ್ಪ ಕಡತದ ಪುಟ ಮಗುಚುತ್ತಿದ್ದಾಳೆ, ಆಗಿನ ಕಾಲದ ಹುಡುಗಿಯರು ಬೆಳಿಗ್ಗೆ ಎದ್ದು ಏನು ಮಾಡ್ತಿದ್ರು, ಹೇಳ್ತೀಯಾ, ಎಂದಳು, ಸದ್ಯ, ಕೇಳು ತಾಯಿ, ಅದನ್ನು ಕೇಳು, ಜನೆಲ್ಳ ಎದೆ ಹಗುರಾಯಿತು, ಹ್ಯಾಡಿ ಕುರ್ಚಿಯಲ್ಲಿ ಕಾಲು ಮಡಚಿ ಶುರುಮಾಡಿಯೇ ಬಿಟ್ಟಳು. ಪ್ರೂಡೆನ್ಸ್ ಅಂತ ಒಬ್ಳು, ನಾನೇ ಹುಟ್ಟಿಸಿದ್ದು, ಅವಳಿಗೂ ಒಂಬತ್ತು, ಅವಳು ಎದ್ದ ಕೂಡ್ಲೆ ಕೆಂಡ ನೋಡ್ಬೇಕು, ಆರಿಹೋಗಿದ್ರೆ ಪಕ್ಕದ ಮನೆಗೆ ಹೋಗಿ ಕೆಂಡ ತರ್ಬೇಕು, ದಾರೀಲಿ ಅದೂ ಆರಿದ್ರೆ ಬೈಸ್ಕೋಬೇಕು, ಅವರಪ್ಪ ಊಟ ಮಾಡೋವಾಗ ಮಕ್ಳು ನಿಂತ್ಕೊಂಡೇ ತಿನ್ಬೇಕು, ಕೂತ್ಕೊಳ್ಳೋಕೆ ಕುರ್ಚಿ ಇಲ್ಲ, ಇದ್ರೂ ಕೊಡಲ್ಲ — ಮಿಸೆಸ್ ಗ್ರೇಬಿಲ್ ನಕ್ಕಳು, ನಿಜವಾಗಿ ನಕ್ಕಳು, ಭುಜ ಅಲುಗಿತು, ಜೋಳದ ರೊಟ್ಟಿಯ ಲೆಕ್ಕದಲ್ಲಿ ಭಿನ್ನರಾಶಿ ಕಲಿತದ್ದು, ಮುಕ್ಕಾಲು ಲೋಟದ ಅರ್ಧ ಎಷ್ಟು ಎಂದರೆ ಹ್ಯಾಡಿ ಬಾಯಲ್ಲೇ ಹೇಳಿದಳು, ಲ್ಯಾಟಿನ್ನಿನ ಹತ್ತು ಪದ, ತೋಟದ ಹಕ್ಕಿಗಳ ಕೂಗು ಒಂದೊಂದಾಗಿ. ಕೇಳಿದೆಯಾ ಅರ್ಲೀನ್, ನಿನ್ನ ಮೂವತ್ತೊಂದು ವರ್ಷದಲ್ಲಿ ಇಂಥ ಮಗು ಒಂದಾದರೂ ಸಿಕ್ಕಿತ್ತೇ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಜನಕ್ಕೆ ಏನು ಗೊತ್ತು. ತುಂಬ ಚೆನ್ನಾಗಿದೆ ಪುಟ್ಟಿ, ಎಂದಳು ಆಕೆ, ಇದರಲ್ಲಿ ಬರೆದಿರೋದೂ ನೀನು ಹೇಳಿದ ಹಾಗೇ ಇದೆ, ಇದು ಯಾರ ಅಕ್ಷರ. ಅಮ್ಮಂದು. ನಾನು ಹೇಳ್ತೀನಿ, ಅಮ್ಮ ಬರೀತಾಳೆ. ಮತ್ತೆ ಇದು. ಅದೂ ಅಮ್ಮಂದು. ಪುಟ ಮಗುಚಿತು, ಪುಟ ಮಗುಚಿತು, ಎಂಥ ಒಣ ಸದ್ದು ಈ ಕಾಗದದ್ದು, ನಾನ್ನೂರು ಪುಟದಲ್ಲಿ ನಿನ್ನ ಅಕ್ಷರ ಎಲ್ಲಿದೆ ಅಂತ ಕೇಳುತ್ತಾಳೆ ಈಗ, ಕೇಳಲಿಲ್ಲ, ಮಗುಚಿದಳು. ಏನು ತಪ್ಪಿದೆ ಇದರಲ್ಲಿ, ತಾಯಿ ಓದುತ್ತಾಳೆ, ಮಗು ಕೇಳುತ್ತದೆ, ಕೇಳಿದ್ದನ್ನು ತನ್ನ ಮಾತಲ್ಲಿ ತಿರುಗಿ ಹೇಳುತ್ತದೆ, ತಾಯಿ ಬರೆದಿಡುತ್ತಾಳೆ, ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು, ಮನೆಯಲ್ಲೇ ಪಾಠ ಹೇಳುವ ತಾಯಂದಿರ ಗುರುವಾರದ ಗುಂಪಿನ ಹನ್ನೊಂದು ಮನೆಯಲ್ಲೂ ಹಾಗೇ. ಬರವಣಿಗೆಯೂ ಇದೆ, ಹಿಂದಿದೆ, ತಿರುಗಿಸು, ಹ್ಯಾಡಿ ನೋಡಿ ಬರೆದ ಪುಟಗಳು, ಹಂಸದ ಗರಿಯಲ್ಲಿ ಬರೆದದ್ದು, ಮುತ್ತಿನ ಹಾಗಿದೆ, ಒಂದೊಂದು ಅಕ್ಷರದ ಬಾಲಕ್ಕೂ ನಾಲ್ಕು ನಾಲ್ಕು ನಿಮಿಷ — ಅಷ್ಟು ಹೊತ್ತು ಯಾಕೆ ಎಂದು ಒಂದು ದಿನವಾದರೂ ಕೇಳಿದೆಯಾ ಜನೆಲ್. ಅವಳು ಅಕ್ಷರ ಬರೆಯುತ್ತಿರಲಿಲ್ಲ, ಚಿತ್ರ ಬಿಡಿಸುತ್ತಿದ್ದಳು. ಬೆರಳು ಅಕ್ಷರಮಾಲೆಯ ಸಾಲಿನಲ್ಲೇ ಇತ್ತು.

ಇಲ್ಲ, ಅಷ್ಟು ದೂರ ಹೋಗಬೇಡ, ಕಣ್ಣಿನ ತೊಂದರೆ ಇರಬಹುದು, ಆದರೆ ಕಣ್ಣನ್ನು ತೋರಿಸಿಯಾಗಿದೆ, ಫೆಬ್ರವರಿಯಲ್ಲಿ, ಹಿಮ ಬಿದ್ದ ದಿನ, ಡಾಕ್ಟರು ಹದ್ದಿನ ಕಣ್ಣಮ್ಮಾ ನಿನ್ನ ಮಗಳದ್ದು ಎಂದರು, ಯಾವ ತಾಯಿಗೆ ಮಗಳ ಕಣ್ಣು ಚೆನ್ನಾಗಿದೆ ಎಂದರೆ ಅಳು ಬರುತ್ತದೆ, ಗೊತ್ತಿತ್ತು ನಿನಗೆ, ಆಗಲೇ ಗೊತ್ತಿತ್ತು, ಕನ್ನಡಕ ಸಾಕಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಂಡೇ ಗಾಡಿ ಓಡಿಸಿದ್ದೆ. ಐದು ವರ್ಷದ ಲೋಯಿಸ್, ತಂಗಿ, ತಾನಾಗಿಯೇ ಓಟ್ಸ್ ಡಬ್ಬಿ ಓದಿಕೊಂಡು ಓದು ಕಲಿತದ್ದು, ಅವಳ ಕಿವಿ ಹ್ಯಾಡಿಯ ಬಾಯಿಗೆ, ಹ್ಯಾಡಿಯ ಕಿವಿ ಅವಳ ಬಾಯಿಗೆ, ಮಾಳಿಗೆಯ ಮೆಟ್ಟಿಲ ಮೇಲೆ ಒಂದೇ ಪುಸ್ತಕ ಇಬ್ಬರಿಗೆ, ಎಷ್ಟು ಹೊಂದಿಕೊಂಡಿದ್ದಾವೆ ನೋಡು ಮಕ್ಕಳು ಎಂದು ಫೋಟೋ ಹಿಡಿದಿದ್ದೆಯಲ್ಲ, ತಂಗಿ ಓದುತ್ತಿದ್ದಳು ಕಣೇ, ಅಕ್ಕ ಬಾಯಿಪಾಠ ಮಾಡುತ್ತಿದ್ದಳು, ಓದಿದ್ದಕ್ಕೆ ಕೂಲಿ, ಸೇಬಿನ ಮುರಬ್ಬ ಸವರಿದ ರೊಟ್ಟಿಯ ಅರ್ಧ, ಅದಕ್ಕೇ ಲೋಯಿಸ್ ಆ ಪರಿ ಮೈಬಂದದ್ದು. ಇವತ್ತು ಲೋಯಿಸ್ ಅಜ್ಜಿಯ ಮನೆಯಲ್ಲಿದ್ದಾಳೆ, ಗಲಾಟೆ ಬೇಡವೆಂದು ಕಳಿಸಿದವಳೂ ನೀನೇ. ಮತ್ತೆ ಚರ್ಚು, ಅಯ್ಯೋ ಚರ್ಚು, ಕೀರ್ತನೆಯ ಪುಸ್ತಕ ಇಬ್ಬರ ನಡುವೆ ತೆರೆದಿರುತ್ತದೆ, ಹ್ಯಾಡಿ ಪುಸ್ತಕ ನೋಡುವುದಿಲ್ಲ, ತಲೆಯೆತ್ತಿ ಜನೆಲ್ಳ ಬಾಯನ್ನೇ ನೋಡುತ್ತ ಹಾಡುತ್ತಾಳೆ, ಅರ್ಧ ಮಾತ್ರೆ ಹಿಂದೆ, ಯಾವಾಗಲೂ ಅರ್ಧ ಮಾತ್ರೆ ಹಿಂದೆ, ಜನೆಲ್ ಅದನ್ನು ಪ್ರೀತಿ ಎಂದುಕೊಂಡಿದ್ದಳು. ಮೂರು ವರ್ಷ ಪ್ರೀತಿ ಎಂದುಕೊಂಡಿದ್ದಳು. ಸಿಟ್ಟು ಯಾರ ಮೇಲೆ ಎಂದೇ ತಿಳಿಯುತ್ತಿಲ್ಲ, ಕಡುಬು ಮುಟ್ಟದ ಈ ಹೆಂಗಸಿನ ಮೇಲೆ, ಓಹಾಯೋಗೆ ಹೋದ ಡೋರ್ಕಸ್ ಮೇಲೆ, ಭಾನುವಾರ ಗೆಲ್ಲಲಿರುವ ಅತ್ತೆಯ ಮೇಲೆ, ನಾಲ್ಕು ವರ್ಷ ತಾಯಿಯನ್ನು ಕಣ್ಣೆದುರೇ ಏಮಾರಿಸಿದ ಹುಡುಗಿಯ ಮೇಲೂ, ಹೌದು, ಅವಳ ಮೇಲೂ, ಒಂದು ಮಾತು ಹೇಳಬಾರದಿತ್ತೇ, ಅಮ್ಮ ನಂಗೆ ಬರ್ತಿಲ್ಲ ಎಂದು. ಹೇಳಿದ್ದಳಲ್ಲ. ಆರು ತುಂಬಿದಾಗ, ಇದೇ ಒಲೆಯ ಹತ್ತಿರ, ಅಮ್ಮ, ಅಕ್ಷರ ಕೂತಲ್ಲೇ ಕೂರಲ್ಲ, ನೀನೇ ಓದು. ಓದಿದಳು. ಓದುವುದು ಎಷ್ಟು ಸುಖವಾಗಿತ್ತು, ಮಡಿಲಲ್ಲಿ ಮಗು, ಕಿಟಕಿಯಲ್ಲಿ ಬಿಸಿಲು, ಯಾರದೋ ಕಾಲದ ಯಾರದೋ ಮನೆ, ತಡವಾಗಿ ಕಲಿಯೋ ಮಕ್ಕಳೂ ಇರ್ತಾರೆ ಅಂತ ಗುಂಪಿನ ತಾಯಂದಿರು ಹೇಳಿದ್ದೇ ಸಾಕಾಯಿತು, ಊರಿನ ಮಕ್ಕಳಿಗೆಲ್ಲ ಮೇಣದ ದೀಪ ಮಾಡುವುದನ್ನು ತೋರಿಸಿಕೊಟ್ಟವಳು, ಪುಸ್ತಕಾಲಯದವರು ಎರಡು ಸಲ ಕರೆಸಿದ್ದರು, ದೀಪದ ಬುಡದಲ್ಲಿ ಮಾತ್ರ ಕತ್ತಲೆ.

ಮಿಸೆಸ್ ಗ್ರೇಬಿಲ್ ಕಡತವನ್ನು ಮುಚ್ಚಿದಳು. ಕೈಚೀಲದಿಂದ ಎರಡು ಬಿಳಿ ರಟ್ಟು ತೆಗೆದಳು, ಕೊಂಬಿನ ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು, ಒಂದು ರಟ್ಟು ಮೇಲೆ, ಒಂದು ರಟ್ಟು ಕೆಳಗೆ, ಬದಿಗಳಿಗೆ ತನ್ನ ಎರಡು ಹೆಬ್ಬೆರಳು, ನಡುವೆ ಒಂದೇ ಪದ ಉಳಿಯಿತು. ಹಲಗೆಯನ್ನು ಹ್ಯಾಡಿಯ ಕಡೆಗೆ ತಿರುಗಿಸಿ ಮೇಜಿನ ಮೇಲೆ ಒತ್ತಿ ಹಿಡಿದಿದ್ದಾಳೆ, ಆಕೆಯ ಭುಜದ ಮೇಲಿಂದ ಜನೆಲ್ಳಿಗೆ ಅದು ತಲೆಕೆಳಗಾಗಿ ಕಾಣುತ್ತದೆ, ರೊಟ್ಟಿ, ರೊಟ್ಟಿ ಎನ್ನುವ ಪದ, ದಿನಾ ಮೂರು ಹೊತ್ತು ಈ ಮೇಜಿನ ಮೇಲೆ ಇರುವಂಥದ್ದು. ಇದೊಂದು ಓದು ಪುಟ್ಟಿ, ಅವಸರ ಇಲ್ಲ, ಬರದಿದ್ರೂ ಪರವಾಗಿಲ್ಲ. ಪರವಾಗಿಲ್ಲವಂತೆ, ನಿನಗೇನೋ ಪರವಾಗಿಲ್ಲ, ಮೊದಲಿಂದ ಹೇಳಿಕೊಂಡು ಬಾ ಎಂದರೆ ಹೇಳುತ್ತಾಳೆ, ಮೊದಲಿಂದ ಹೇಳಿಸಬಾರದೇ, ನಡುವಿನಿಂದ ಕಿತ್ತರೆ ಯಾರಿಗೆ ಬರುತ್ತದೆ. ಹ್ಯಾಡಿ ಹಲಗೆಯ ಮೇಲೆ ಬೆರಳಿಟ್ಟಳು. ಬೆರಳಿಟ್ಟು ತಲೆ ಎತ್ತಿದಳು. ಜನೆಲ್ಳ ಕಣ್ಣನ್ನು ನೋಡಲಿಲ್ಲ, ಬಾಯನ್ನು ನೋಡಿದಳು. ಚರ್ಚಿನಲ್ಲಿ ನೋಡುವ ಹಾಗೆಯೇ, ನೆಮ್ಮದಿಯಾಗಿ, ಅಮ್ಮ ಇದ್ದಾಳೆ ಎನ್ನುವ ಧೈರ್ಯದಲ್ಲಿ, ಜನೆಲ್ಳಿಗೇ ತಿಳಿಯದೆ ಅವಳ ತುಟಿ ಆಗಲೇ ಆ ಪದದ ಆಕಾರಕ್ಕೆ ಬಂದಿತ್ತು, ಸದ್ದು ಬೇಕಿಲ್ಲ, ಉಸಿರೂ ಬೇಕಿಲ್ಲ, ತುಟಿ ಇನ್ನೊಂದು ಎಳೆ ಅಲುಗಿದರೆ ಆಯಿತು, ಬೆನ್ನಿಗೆ ಕಣ್ಣಿಲ್ಲ, ಪತ್ರ ಬರುತ್ತದೆ, ಹಳದಿ ಬಸ್ಸು ಮನೆ ದಾಟಿ ಮುಂದೆ ಹೋಗುತ್ತದೆ, ಭಾನುವಾರ ಕೋಳಿಯನ್ನು ತಾನೇ ಹರಿದು ಅತ್ತೆಯ ತಟ್ಟೆಗೆ ಹಾಕಬಹುದು, ಸೆಪ್ಟೆಂಬರಿನಲ್ಲಿ ಪ್ರೂಡೆನ್ಸ್ ಮತ್ತೆ ಕೆಂಡ ತರಲು ಹೋಗುತ್ತಾಳೆ, ಹತ್ತು ವರ್ಷದವಳಾಗಿ, ಹನ್ನೊಂದು, ಹದಿನಾರು, ಇಪ್ಪತ್ತು, ಎಲ್ಲಿ ಹೋದರೂ ಯಾರದಾದರೂ ಬಾಯನ್ನು ನೋಡುತ್ತ. ಜನೆಲ್ ತಿರುಗಿದಳು. ಮಗಳಿಗೆ ಬೆನ್ನು ಹಾಕಿ ಒಲೆಯ ಹಿಂದಿನ ಗೋಡೆಗೆ ಮುಖ ಮಾಡಿ ನಿಂತಳು, ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಳು, ಈಗ ಇಬ್ಬರಿಗೂ ಕಾಣುವುದು ಅವಳ ಬೆನ್ನು ಮಾತ್ರ, ಕ್ಷಮಿಸು ಕಂದ, ನೋಡಬೇಡ, ಇತ್ತ ನೋಡಬೇಡ. ಕೈಯಲ್ಲಿ ಕೋಲು ಇತ್ತಲ್ಲ, ಕೋಲು ಇದೆ, ಆಗಿನಿಂದ ಬತ್ತಿ ಮೇಣದೊಳಗೇ ಇದೆ, ಎತ್ತಿದಳು, ಇಪ್ಪತ್ತೆರಡು ಸಲ ಹ್ಯಾಡಿ ಸುತ್ತು ಬಂದು ಕಟ್ಟಿದ್ದೆಲ್ಲ ಇಳಿದುಹೋಗಿ ಎರಡು ಒದ್ದೆ ದಾರ ತೂಗುತ್ತಿವೆ. ಅಮ್ಮ, ಎಂದಳು ಹ್ಯಾಡಿ, ಒಮ್ಮೆ, ಸಣ್ಣಗೆ. ತಿರುಗಬೇಡ. ಪ್ಲಾಸ್ಟಿಕ್ಕಿನ ಮೇಲೆ ಬೆರಳು ಒಂದಿಷ್ಟು ಸರಿದ ಸದ್ದು, ಕಿರ್ರ್ ಎಂದು, ಆಮೇಲೆ ಅದೂ ಇಲ್ಲ, ಗೋಡೆಯ ಮೇಲೆ ಏನೂ ಇಲ್ಲ, ಆದರೂ ಕಾಣುತ್ತದೆ, ಬೆರಳು, ಪದದ ಮೊದಲ ಅಕ್ಷರದ ಮೇಲೆ ನಿಂತ ಬೆರಳು, ಉಗುರಿನಲ್ಲಿ ಮೇಣ, ಬೆರಳು ಅಲ್ಲೇ ಇದೆ, ಅಲ್ಲೇ