ಕಡೆಯ ಪಂಕ್ತಿಯ ಊಟ

ಜಮಖಂಡಿಯ ಡಾಕ್ಟರು ಹೇಳಿದ್ದನ್ನೆಲ್ಲ ಸೊಸೆ ಕಸ್ತೂರೆವ್ವ ಮಾವ ಬಸಗೊಂಡಪ್ಪನ ಮುಂದೆ ಒಪ್ಪಿಸಿದಳು. ಅತ್ತೆ ಗುರುಬಸವ್ವನಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳ ಗಾಯ ಮಾಯದಿರುವುದು ಅದಕ್ಕೇ. ಗುಳಿಗೆ ನುಂಗಬೇಕು, ಅನ್ನ, ಬೆಲ್ಲ ಪೂರಾ ಬಂದ್, ರೊಟ್ಟಿ ಹೊತ್ತಿಗೆ ಒಂದೇ. ಹೊಟ್ಟೆ ತುಂಬಬೇಕಾದದ್ದು ಸೊಪ್ಪು, ಕಾಳು, ಮೊಸರಿನಿಂದ.

"ಹುಲ್ಲ ತಿನ್ನಾಕ ಇಕಿ ಏನ ಎಮ್ಮಿ ಅದಾಳೇನ?" ಎಂದು ಬಸಗೊಂಡಪ್ಪ ನಕ್ಕ. ಪಕ್ಕದಲ್ಲಿ ಕೂತಿದ್ದ ತಮ್ಮ ಜಕ್ಕಪ್ಪನೂ ನಕ್ಕ. "ಹಿಪ್ಪರಗ್ಯಾಗ ನಮ್ಮಷ್ಟ ಕಬ್ಬ ಯಾರದೈತಿ? ಈ ಮನಿಯಾಗ ಸಕ್ರಿ ರೋಗಂತ! ಹೊರಗ ಬಾಯಿ ಬಿಡಬ್ಯಾಡ್ರಿ, ಮಂದಿ ನಗತಾರ."

ಮಂದಿ ನಗುವುದಕ್ಕೆ ಅವನ ಮನೆಯಲ್ಲಿ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಎತ್ತಿನ ಗೊರಸಿಗೆ ಮುಳ್ಳು ನಟ್ಟರೆ ಮುಧೋಳದಿಂದ ದನದ ಡಾಕ್ಟರನ್ನು ಬಾಡಿಗೆ ಜೀಪಿನಲ್ಲಿ ಕರೆಸುವ ದೊಡ್ಡ ಮನುಷ್ಯ, ಕುಂಟುವ ಹೆಂಡತಿಯನ್ನು ಸೊಸೆಯ ಜೊತೆ ಬಸ್ಸಿಗೆ ಅಟ್ಟಿದ್ದ. ಬಸ್ಸಿನಲ್ಲಿ ಬಾಳೆಹಣ್ಣು ಮಾರುವವಳೊಬ್ಬಳು ತನ್ನ ತುಂಬಿದ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಗುರುಬಸವ್ವನಿಗೆ ಕಾಲು ಚಾಚಲು ಜಾಗ ಮಾಡಿಕೊಟ್ಟಳು. ಮನೆಯ ಗಂಡಸರಿಂದ ಅಷ್ಟೂ ಆಗಿರಲಿಲ್ಲ.

ಪಥ್ಯವೇನೂ ಕಷ್ಟದ್ದಲ್ಲ. ಮೆಂತೆ, ಪುಂಡಿಸೊಪ್ಪು, ಹೆಸರುಕಾಳು, ಮೊಸರು ಎಲ್ಲ ಮನೆಯಲ್ಲೇ ಇದ್ದವು. ತೊಡಕಿದ್ದದ್ದು ಪಂಕ್ತಿಯಲ್ಲಿ. ಮೊದಲು ಗಂಡಸರು, ಆಮೇಲೆ ಆಳುಗಳು, ಕಡೆಗೆ ಹೆಂಗಸರು. ಬಸಗೊಂಡಪ್ಪನಿಗೆ ರೊಟ್ಟಿಯೆಂದರೆ ಪಲ್ಯವನ್ನು ಬಾಯಿಗೆ ಸಾಗಿಸುವ ಬಂಡಿ. ಅವನು ಕೈತೊಳೆಯುವ ಹೊತ್ತಿಗೆ ಬೋಗುಣಿಗಳ ತಳ ಕಾಣುತ್ತಿತ್ತು. ಹೆಂಗಸರಿಗೆ ಉಳಿಯುತ್ತಿದ್ದದ್ದು ರೊಟ್ಟಿ, ತಣ್ಣಗಾದ ಅನ್ನ, ಶೇಂಗಾ ಚಟ್ನಿ. ಹಸಿದ ಗುರುಬಸವ್ವ ಅದನ್ನೇ ಉಣ್ಣುತ್ತಿದ್ದಳು.

ತಿಂಗಳ ಮೇಲೆ ಮತ್ತೆ ಜಮಖಂಡಿಗೆ ಹೋದಾಗ ಸಕ್ಕರೆ ಇಳಿದಿರಲಿಲ್ಲ. ಗಾಯದ ಅಂಚು ಕಪ್ಪಾಗತೊಡಗಿತ್ತು.

"ಕದ್ದ ಅನ್ನಾ ಉಣ್ಣಾಕತ್ತೀರೇನ್ರಿ ಅಮ್ಮಾ?" ಎಂದು ಡಾಕ್ಟರು ಗದರಿದರು.

ಗುರುಬಸವ್ವ ನೆಲ ನೋಡಿದಳು.

"ಕದ್ದಿಲ್ರೀ ಸಾಹೇಬ್ರ," ಎಂದಳು ಕಸ್ತೂರೆವ್ವ. "ಉಳದದ್ದ ಉಣ್ಣಾಕತ್ತಾರ."

ಡಾಕ್ಟರ ದನಿ ಮೆತ್ತಗಾಯಿತು. "ಹಿಂಗಾದ್ರ ಬೆರಳ ತಗೀಬೇಕಾಗತೈತಿ ಅಮ್ಮಾ. ಅಲ್ಲಿಗೆ ನಿಂತ್ರ ಪುಣ್ಯಾ."

ಮರುದಿನ ಕಸ್ತೂರೆವ್ವ ಗಂಡಸರಿಗೆ ಬಡಿಸುವ ಮೊದಲೇ ಅತ್ತೆಗೆಂದು ಒಂದು ಬಟ್ಟಲು ಕಾಳುಪಲ್ಯ ತೆಗೆದು ಮುಚ್ಚಿಟ್ಟಳು.

"ಪಲ್ಲೆ ತಾರವಾ," ಎಂದು ಮಾವ ಕೂಗಿದ.

"ಮುಗೀತ್ರಿ ಮಾವಾರ."

ಬಾಯಾರಿದರೆ ಕೂತಲ್ಲಿಂದಲೇ ನೀರು ಕೇಳುವವನು ಅಂದು ಎದ್ದು ಅಡುಗೆಮನೆಗೆ ಬಂದ. ಮುಚ್ಚಳ ಎತ್ತಿದ. "ಹಾಂ! ರೋಗಾ ಬಂದದ್ದ ಕಾಲಿಗಲ್ಲ, ನಾಲಿಗಿಗೆ!" ಎನ್ನುತ್ತ ಬಟ್ಟಲನ್ನು ಒಯ್ದು, ಅರ್ಧ ತಮ್ಮನ ತಾಟಿಗೆ, ಅರ್ಧ ತನ್ನ ತಾಟಿಗೆ ಸುರಿದುಕೊಂಡ. ಕೇಳಿದ್ದನ್ನು ಕಸಿದುಕೊಂಡ ಹೆಮ್ಮೆ ಅವನ ಮೀಸೆಯ ಮೇಲೆ ಎಣ್ಣೆಯ ಜೊತೆ ಹೊಳೆಯುತ್ತಿತ್ತು. ಗುರುಬಸವ್ವ ಬಾಗಿಲಲ್ಲಿ ನಿಂತು, ಅವನು ಬೆರಳು ನೆಕ್ಕುವವರೆಗೂ ನೋಡಿದಳು.

ಅದರ ಮರುದಿನ ಅಣ್ಣತಮ್ಮಂದಿರು ಹೊಲದಿಂದ ಬಂದಾಗ ಪಡಸಾಲೆಯಲ್ಲಿ ಗುರುಬಸವ್ವ ಒಬ್ಬಳೇ ಉಣ್ಣುತ್ತಿದ್ದಳು. ತಾಟಿನಲ್ಲಿ ಒಂದು ರೊಟ್ಟಿ, ಅದರ ಸುತ್ತ ಮೆಂತೆಪಲ್ಯ, ಕಾಳು, ಗಟ್ಟಿ ಮೊಸರು. ಪಟ್ಟಿ ಬಿಚ್ಚಿದ ಕಾಲನ್ನು ಮುಂದಕ್ಕೆ ಚಾಚಿದ್ದಳು.

"ಗಂಡಸರ ಇನ್ನಾ ಉಂಡಿಲ್ಲ. ಏನ ಹಿಡದೈತಿ ಬೇ ನಿನಗ?" ಎಂದ ಬಸಗೊಂಡಪ್ಪ.

"ಸಕ್ರಿ ರೋಗಾರಿ," ಎಂದಳು ಗುರುಬಸವ್ವ. "ಕುಂದರ್ರಿ. ರೊಟ್ಟಿ ಬುಟ್ಟಿ ತುಂಬ ಅದಾವ. ಅನ್ನಾನೂ ಐತಿ."

"ಪಲ್ಲೆ?"

"ನಾ ಉಂಡ ಮ್ಯಾಲ ಉಳದ್ರ ಕಸ್ತೂರಿ ನೀಡತಾಳ."

"ಮಂದಿ ಏನಂದಾರು?"

"ಬೆರಳ ಕೊಯ್ಯೂದ ಮಂದೀದಲ್ರಿ, ನಂದು."

ಜಕ್ಕಪ್ಪನ ಕಣ್ಣು ಆ ಬೆರಳಿನ ಮೇಲೆ ನಿಂತಿತು. ಮನೆಯಲ್ಲಿದ್ದೂ ಅವನು ಅದನ್ನು ನೋಡಿದ್ದು ಅದೇ ಮೊದಲು. ಕೂತು, ಒಣ ರೊಟ್ಟಿ ಮುರಿದು ಚಟ್ನಿಗೆ ಒತ್ತಿದ. "ಚಟ್ನಿ ಛಲೋ ಐತಿ, ಕುಂದರಣ್ಣಾ," ಎಂದ. ಕಸ್ತೂರೆವ್ವ ತಂದಿಟ್ಟ ಮೊಸರನ್ನು ಮುಟ್ಟದೆ ಅತ್ತಿಗೆಯ ಕಡೆಗೆ ಸರಿಸಿದ. "ವೈನಿ, ಇದನ್ನೂ ತಗೋರಿ."

ಬಸಗೊಂಡಪ್ಪ ಗೋಡೆಗೆ ಒರಗಿ ನಿಂತು ಸ್ವಲ್ಪ ಹೊತ್ತು ಮರ್ಯಾದೆ ಕಾಯ್ದುಕೊಂಡ. ಆಮೇಲೆ ಹಸಿವಾಗಿ ಕೂತ.

ಗುರುಬಸವ್ವ ಅವನತ್ತ ತಲೆ ಎತ್ತಲಿಲ್ಲ. ಸೊಸೆಯ ಕಡೆಗೆ ತಾಟು ಚಾಚಿದಳು.

"ಮೆಂತೆಪಲ್ಲೆ ಇನ್ನೊಂದೀಟ ನೀಡವಾ."