ಮೇಷ್ಟರ ಮಗಳ ಸರಿಯುತ್ತರಗಳು

ಮೂವತ್ತೆರಡು ವರ್ಷ ಗಣಿತ ಕಲಿಸಿದವನು ನಾನು. ತಪ್ಪು ಉತ್ತರ ಕಂಡರೆ ಈಗಲೂ ಮೈ ಉರಿಯುತ್ತದೆ. ಆ ಉರಿಯೇ ಮಗಳ ಪದವಿಗೆ ಕಲ್ಲು ಹಾಕಿತು.

ಮಗಳು ಆಸ್ಪತ್ರೆಯಲ್ಲಿ ದಾದಿ. ಪದವಿ ಸಿಕ್ಕರೆ ಮೇಲ್ವಿಚಾರಕಿಯಾಗುತ್ತಿದ್ದಳು, ಬೆನ್ನುನೋವಿನಲ್ಲಿ ರೋಗಿಗಳನ್ನು ಎತ್ತಿಳಿಸುವುದು ತಪ್ಪುತ್ತಿತ್ತು. ನಲವತ್ತರ ಹೊಸ್ತಿಲಲ್ಲಿ ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸಿಗೆ ಸೇರಿ, ಗಣಿತವೊಂದನ್ನು ಬಿಟ್ಟು ಎಲ್ಲ ಮುಗಿಸಿದ್ದಳು. ಅದರಲ್ಲಿ ಎರಡು ಸಲ ನಪಾಸು. ಉಳಿದದ್ದು ಒಂದೇ ಅವಕಾಶ.

“ನೀವು ಹೇಳಿಕೊಡೋದು ಬೇಡಪ್ಪಾ. ನಿಮ್ಮ ಕೋಪ ನೋಡಿದ್ರೆ ಬರೋದೂ ಮರ್ತು ಹೋಗತ್ತೆ,” ಎಂದು ಕೋರ್ಸಿನ ಜೊತೆಗೇ ಬಂದಿದ್ದ ಕಂಪ್ಯೂಟರ್ ಮೇಷ್ಟರನ್ನೇ ಹಿಡಿದಳು. ಅದು ಗದರುವುದಿಲ್ಲ. ತಪ್ಪಿದರೆ ಒಂದು ಮೆಟ್ಟಿಲು ಕೆಳಗಿಳಿದು ಸುಲಭದ ಪಾಠ ತೆರೆಯುತ್ತದೆ. ಸರಿಯಾದರೆ ಆ ಪಾಠ ಬಿಟ್ಟು ಮುಂದಕ್ಕೆ ಹೋಗುತ್ತದೆ.

ಕಂಪ್ಯೂಟರ್ ಬಳಕೆಯ ಪಾಠವೂ ಅದರಲ್ಲೇ ಇತ್ತು. ಪಾಸ್‌ವರ್ಡನ್ನು ಯಾರಿಗೆ ಕೊಡಬಹುದು ಎಂಬ ಪ್ರಶ್ನೆಗೆ ‘ಯಾರಿಗೂ ಇಲ್ಲ’ ಎಂದು ಒತ್ತಿ, ನಗುತ್ತಾ ತನ್ನದನ್ನು ನನಗೆ ಚೀಟಿಯಲ್ಲಿ ಬರೆದುಕೊಟ್ಟಳು. “ನೀವೇನು ಹೊರಗಿನವರಾ?” ನನಗೆ ಮೌಸ್ ಹಿಡಿಯಲು ಕಲಿಸಿದವಳೂ ಅವಳೇ.

ಅವಳು ಡ್ಯೂಟಿಗೆ ಹೋದ ಮೇಲೆ ಅವಳ ಪಾಠಗಳನ್ನು ತೆರೆದು ನೋಡಿದೆ. ಭಿನ್ನರಾಶಿಯಲ್ಲೂ ಕೆಂಪು ಗುರುತು! ಅದೂ ಮೇಷ್ಟರ ಮಗಳಿಗೆ! ‘ಮತ್ತೆ ಪ್ರಯತ್ನಿಸಿ’ ಒತ್ತಿ ನಾನೇ ಬರೆದೆ. ಹಸಿರಾಯಿತು, ಹೊಟ್ಟೆ ತಣ್ಣಗಾಯಿತು. ಅವಳು ಬರುವಷ್ಟರಲ್ಲಿ ಮುಂದಿನ ಪಾಠ ತೆರೆದು ಕೂತಿರುತ್ತಿತ್ತು. ಇದೇ ನನ್ನ ದಿನದ ಚಾಳಿಯಾಯಿತು.

ಅವಳು ಮಂಕಾದಳು. “ದಿನಾ ಕಷ್ಟದ್ದೇ ಬರ್ತಿದೆ ಅಪ್ಪಾ. ತಲೆಬುಡ ಗೊತ್ತಾಗಲ್ಲ. ನನ್ನ ತಲೇಲಿ ಬರೀ ಮಣ್ಣು.” ಆಗಲೇ ಬಾಯಿ ಬಿಡಬೇಕಿತ್ತು. “ಗಮನ ಕೊಟ್ಟು ಮಾಡಮ್ಮ,” ಎಂದೆ. ಹೇಡಿ ನಾನು.

ಮೂರನೆಯ ಸಲವೂ ನಪಾಸಾದಳು. ಫಲಿತಾಂಶದ ಜೊತೆ ಕಲಿಕೆಯ ವರದಿಯೂ ಬಂತು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗಟ್ಟಿಯಾಗಿ ಓದಿದಳು. ಬುನಾದಿಯ ಪಾಠಗಳ ಮುಂದೆಲ್ಲ ಒಂದೇ ಸಾಲು: ವಿದ್ಯಾರ್ಥಿಗೆ ಬರುತ್ತದೆ, ಕಲಿಸಿಲ್ಲ. ಪಕ್ಕದಲ್ಲಿ ಉತ್ತರ ಕೊಟ್ಟ ಸಮಯ. ಅಷ್ಟೂ ಅವಳು ವಾರ್ಡಿನಲ್ಲಿದ್ದ ಸಮಯ.

ಓದುವುದನ್ನು ನಿಲ್ಲಿಸಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಆ ಕೆಳಗಿನ ಪಾಠಗಳು ನಂಗೆ ಬೇಕಿತ್ತಪ್ಪಾ,” ಎಂದಳು. “ನಿಧಾನಕ್ಕೆ ಬರ್ತಾ ಇತ್ತು.”

ಏನೋ ಟೈಪ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿ, ಸಮವಸ್ತ್ರ ತೊಟ್ಟು ಹೊರಟಳು. ಬಾಗಿಲು ಹಾಕಿಕೊಂಡ ಮೇಲೆ ಅಭ್ಯಾಸಬಲದಿಂದ ತೆರೆದೆ, ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರ ಒತ್ತಿದೆ. ತಪ್ಪು ಪಾಸ್‌ವರ್ಡ್ ಎಂದು ಕೆಂಪಕ್ಷರದಲ್ಲಿ ಬಂತು.