ಹತ್ತಿಕಾಲಪ್ಪನ ಉಲ್ಟಾ ಆಟ

"ನೀನು ಯಂತ್ರ ಅಲ್ಲ ಅಂತ ತೋರಿಸು ಅಂತಿದೆ ಈ ಫೋನು," ಎಂದರು ಹತ್ತಿಕಾಲಪ್ಪ. "ಸಿಗ್ನಲ್ ದೀಪ ಇರೋ ಚಿತ್ರ ಒತ್ತಬೇಕಂತೆ. ಎಷ್ಟು ಒತ್ತಿದ್ರೂ ತಪ್ಪಂತೆ. ಕೊನೆಗೆ ಯಂತ್ರವೇ ನನ್ನನ್ನ ಯಂತ್ರ ಅಂತ ತೀರ್ಮಾನ ಮಾಡ್ತು!"

ಮಗಳು ಬೆಳಗಿನ ಗಡಿಬಿಡಿಯಲ್ಲೂ ನಕ್ಕಳು. "ಜೀವಮಾನವೆಲ್ಲ ಬಸ್ ಓಡಿಸಿದೋರು, ಸಿಗ್ನಲ್ ಗುರುತು ಸಿಗಲ್ವೇನಪ್ಪಾ?"

"ರಿಟೈರ್ ಆದ್ಮೇಲೆ ಅದರ ಮುಖ ನೋಡಲ್ಲ ಅಂತ ಶಪಥ ಮಾಡಿದ್ದೀನಿ."

ಫೋನನ್ನು ಜೇಬಿಗೆ ತುರುಕಿದರು.

ಬಸ್ ಡಿಪೊದವರು ಅವರಿಗೆ ಹತ್ತಿಕಾಲಪ್ಪ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವರು ಬ್ರೇಕ್ ಒತ್ತಿದರೆ ನಿದ್ದೆ ಹೋದ ಪ್ರಯಾಣಿಕನ ತಲೆಯೂ ಅಲುಗುತ್ತಿರಲಿಲ್ಲ. ಮುಪ್ಪಿನ ಬಗ್ಗೆಯೂ ಅವರದೇ ಒಂದು ಶಾಸ್ತ್ರವಿತ್ತು: ಹಲ್ಲು ಹೋದರೆ ಮಾತು ಮೆತ್ತಗಾಗುತ್ತದೆ, ಮಂಡಿ ಹೋದರೆ ಮೂರನೇ ಮಹಡಿಯ ನೆಂಟರು ತಪ್ಪುತ್ತಾರೆ. ಕಣ್ಣಿನ ಸುದ್ದಿಗೆ ಮಾತ್ರ ಶಾಸ್ತ್ರ ಬಾಯಿ ಬಿಡುತ್ತಿರಲಿಲ್ಲ.

ನೋಟದ ನಟ್ಟನಡುವೆ ಒಂದು ಬೂದು ಚುಕ್ಕೆ ಬಂದು ಕೂತಿತ್ತು. ಮೊದಲು ಸಾಸಿವೆಯಷ್ಟಿದ್ದದ್ದು ಈಗ ಅಂಗೈಯಷ್ಟು. ಯಾರನ್ನು ನೇರ ನೋಡಿದರೂ ಮುಖ ಅಳಿಸಿಹೋಗಿ ಎರಡು ಕಿವಿ ಉಳಿಯುತ್ತಿದ್ದವು. ಲೈಸೆನ್ಸಿನ ಕಣ್ಣಿನ ಪರೀಕ್ಷೆಯನ್ನು ಅವರು ಕಿವಿಯಿಂದಲೇ ಪಾಸು ಮಾಡಿದ್ದರು. ಸರದಿಯಲ್ಲಿ ಮುಂದಿದ್ದವರು ಗೋಡೆಯ ಅಕ್ಷರಗಳನ್ನು ಗಟ್ಟಿಯಾಗಿ ಓದುವಾಗ ಬೆಂಚಿನ ಮೇಲೆ ಕೂತೇ ಬಾಯಿಪಾಠ ಮಾಡಿಕೊಂಡರು, ಅಷ್ಟೆ. ರಸ್ತೆಯಲ್ಲಂತೂ ಉಪಾಯ ಸಲೀಸು: ಮುಂದಿನ ಗಾಡಿ ನಿಂತರೆ ನಿಲ್ಲು, ಹೊರಟರೆ ಹೊರಡು. ಮೊಮ್ಮಗಳನ್ನು ಶಾಲೆಗೆ ಬಿಡುವ ಕೆಲಸವೂ ಹೋದರೆ ಕಿಟಕಿ ಪಕ್ಕದ ಕುರ್ಚಿಯೇ ಗತಿ. ಆ ಕುರ್ಚಿಯನ್ನು ಕಂಡರೆ ಅವರಿಗೆ ಭಯ.

"ಹಾಲು ಕುಡಿದ್ಯೇನೇ?" ಮಗಳು ಕೂಗಿದಳು.

"ಇಲ್ಲ!" ಎಂದಳು ಆರು ವರ್ಷದ ಮೊಮ್ಮಗಳು, ಖಾಲಿ ಲೋಟ ಬೋರಲು ಹಿಡಿದು ಕಿಸಕ್ಕೆಂದು ನಗುತ್ತ.

"ಹೌದು ಅನ್ನೋದಕ್ಕೆ ಇಲ್ಲ ಅನ್ನೋ ಈ ಉಲ್ಟಾ ಆಟ ಕಲಿಸಿದ್ದು ನೀವೇ. ನೀವೇ ಅನುಭವಿಸಿ," ಎಂದು ಮಗಳು ಕಾರಿನ ಕೀಲಿಯನ್ನು ಅಪ್ಪನ ಕೈಗಿತ್ತಳು.

ದಾರಿಯುದ್ದಕ್ಕೂ ಒಂದು ಹಾಲಿನ ವ್ಯಾನು ಮುಂದಿತ್ತು. ಹತ್ತಿಕಾಲಪ್ಪ ಅದರ ಬಾಲ ಹಿಡಿದು, ಈಗಿನ ಕಾಲದ ಕಾರುಗಳು ಹೆಂಡತಿಗಿಂತ ಹೆಚ್ಚು ಗೊಣಗುತ್ತವೆ ಎಂದು ಮೊಮ್ಮಗಳನ್ನು ನಗಿಸುತ್ತ ಸಾಗಿದರು. ದೊಡ್ಡ ಸರ್ಕಲ್ ಬರುತ್ತಲೇ ವ್ಯಾನು ಎಡಕ್ಕೆ ತಿರುಗಿಬಿಟ್ಟಿತು.

ಮುಂದೆ ಯಾರೂ ಇಲ್ಲ. ಹತ್ತಿಕಾಲು ಮೆಲ್ಲಗೆ ಬ್ರೇಕ್ ಒತ್ತಿತು. ಬೂದು ಚುಕ್ಕೆ ದೀಪದ ಕಂಬವನ್ನೇ ನುಂಗಿ ಕೂತಿತ್ತು. ಓರೆಗಣ್ಣಲ್ಲಿ ನೋಡಿದರೆ ಬಿಸಿಲಿನ ಹೊಡೆತಕ್ಕೆ ಮೂರೂ ದೀಪ ಒಂದೇ ಬಿಳುಪು. ಹಿಂದೆ ಹಾರ್ನ್ ಶುರುವಾಯಿತು.

"ಪುಟ್ಟೀ, ಕೆಂಪಾ, ಹಸಿರಾ?"

"ನಿಂಗೆ ಕಾಣಲ್ವಾ ತಾತ?"

"ಕಾಣತ್ತೆ. ನಿಂಗೆ ಗೊತ್ತಾ ಅಂತ ಪರೀಕ್ಷೆ."

"ಹಸಿರು!"

"ನಿಜಾನಾ?"

"ನಿಜ ತಾತ."

ಪಾದ ಬ್ರೇಕಿನಿಂದ ಎದ್ದಿತು. ಕಾರು ತೆವಳಿತು. ಆಗ ಹಿಂದಿನ ಸೀಟಿನಿಂದ ಕಿಸಕ್ಕೆಂದು ನಗು ಕೇಳಿತು. ಖಾಲಿ ಲೋಟ ಹಿಡಿದಾಗಿನದೇ ನಗು.

ಹತ್ತಿಕಾಲು ಜನ್ಮದಲ್ಲಿ ಮೊದಲ ಸಲ ಬ್ರೇಕನ್ನು ತುಳಿಯಿತು. ಶಾಲೆಯ ಚೀಲ ಧಡಕ್ಕನೆ ಕೆಳಗೆ ಬಿತ್ತು. ಕಾರಿನ ಮೂತಿಯ ಮುಂದೆಯೇ ಲಾರಿಯೊಂದು ಗೋಡೆಯಂತೆ ಹಾದುಹೋಯಿತು. ಅದರ ಗಾಳಿಗೆ ಕಾರು ನಡುಗಿತು.

"ನೀನೇ ಹೇಳಿದ್ದಲ್ವಾ ತಾತ, ಆಟದಲ್ಲಿ ನಿಜಾನೂ ಉಲ್ಟಾ ಅಂತ," ಎಂದಳು ಅವಳು. ಅವಳ ದನಿಯಲ್ಲಿ ಈಗ ನಗುವಿರಲಿಲ್ಲ.

ಅವರು ಎಂಜಿನ್ ಆರಿಸಿದರು. ಹಿಂದಿನ ಹಾರ್ನುಗಳೆಲ್ಲ ಸೇರಿ ಒಂದೇ ಕೂಗಾಗಿದ್ದವು. ಕೀಲಿಯನ್ನು ಕಿತ್ತು ಹಿಂದಕ್ಕೆ ಕೊಟ್ಟರು.

"ಇದು ನಿನ್ನ ಹತ್ರ ಇರ್ಲಿ. ಅಮ್ಮಂಗೆ ಫೋನ್ ಮಾಡ್ತೀನಿ, ಬರ್ತಾಳೆ. ಅಲ್ಲೀವರೆಗೂ ನಾನು ಎಷ್ಟು ಗೋಗರೆದ್ರೂ ಕೊಡಬಾರ್ದು. ನಾಳೆ ಕೇಳಿದ್ರೂ ಅಷ್ಟೇ. ಕೊಡ್ತೀಯಾ?"

"ಕೊಡ್ತೀನಿ ತಾತ."

ಅವರು ಕನ್ನಡಿಯಲ್ಲಿ ಅವಳ ಮುಖ ಹುಡುಕಿದರು. ಎರಡು ಜಡೆ ಕಂಡವು, ಎರಡು ಕಿವಿ ಕಂಡವು. ಆಟ ಮುಗಿದಿದೆಯೋ ಇಲ್ಲವೋ ತಿಳಿಯಲಿಲ್ಲ.

ಹಾರ್ನುಗಳು ನಿಲ್ಲಲಿಲ್ಲ. ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿ ಖಾಲಿಯಿತ್ತು. ಒಂದು ಕೈ ಫೋನನ್ನು ತಡಕುತ್ತಿದ್ದಂತೆಯೇ ಇನ್ನೊಂದು ಕೈ, ಅವರನ್ನು ಕೇಳದೆಯೇ, ಕೀಲಿಗಾಗಿ ಹಿಂದಕ್ಕೆ ಚಾಚಿತ್ತು.